ಹನ್ನೆರಡು ತಿಂಗಳೂ ಟಾಪ್ ಬಿಚ್ಚಿ: ಹಳೆಯ ಎಂಜಿಬಿ ರೋಡ್‌ಸ್ಟರ್ ಓಡಿಸುವವರಿಗೆ ಸಮಗ್ರ ಮಾರ್ಗದರ್ಶಿ

ಇಂಗ್ಲೆಂಡಿಗೆ ಬಂದು ನೆಲೆಸಿದ ಮೇಲೆ ಹಳೇ ಬ್ರಿಟಿಷ್ ಓಪನ್ ಕಾರಿನ ಹುಚ್ಚು ಹತ್ತಿಸಿಕೊಂಡ ಕನ್ನಡಿಗರು ಇದ್ದಾರೆ. ಕೊಳ್ಳುವವರೆಗೆ ನಿದ್ದೆ ಇರುವುದಿಲ್ಲ. ಕೊಂಡ ಮೇಲೆ ಜುಲೈ ತಿಂಗಳಲ್ಲಿ ಎರಡು ಭಾನುವಾರ ಹೊರಗೆ ತೆಗೆಯುತ್ತಾರೆ, ಉಳಿದ ದಿನ ಕಾರು ಗ್ಯಾರೇಜಿನಲ್ಲಿ ಹೊದ್ದು ಮಲಗಿರುತ್ತದೆ. "ಬಿಸಿಲು ಬರಲಿ, ನೋಡೋಣ" ಅಂತಾರೆ. ಈ ದೇಶದಲ್ಲಿ ಬಿಸಿಲಿಗೆ ಕಾದು ಕೂತರೆ ಕಾರು ಓಡಿದ ಹಾಗೇ!

ಟಾಪ್, ಅಂದರೆ ಕಾರಿನ ಬಟ್ಟೆಯ ಚಾವಣಿ, ಬಿಚ್ಚಿ ವರ್ಷವಿಡೀ ಓಡಿಸಬಹುದು. ಅದಕ್ಕೆ ದೊಡ್ಡ ಧೈರ್ಯವೇನೂ ಬೇಡ. ಗಾಳಿ ಎಲ್ಲಿಂದ ಒಳಗೆ ಬರುತ್ತದೆ, ನೀರು ಎಲ್ಲಿಂದ ಹೊರಗೆ ಹೋಗುತ್ತದೆ, ಇವೆರಡು ಗೊತ್ತಿದ್ದರೆ ಮುಕ್ಕಾಲು ಕೆಲಸ ಮುಗಿಯಿತು. ಈ ಬರಹ ಪೂರ್ತಿ ಅದರ ಬಗ್ಗೆಯೇ.

ಉದಾಹರಣೆಗೆ ಎಂಜಿಬಿ ರೋಡ್‌ಸ್ಟರನ್ನು, ಅಂದರೆ ಎರಡು ಸೀಟಿನ ಓಪನ್ ಕಾರನ್ನು, ಹಿಡಿದುಕೊಂಡಿದ್ದೇನೆ. 1962ರಿಂದ 1980ರವರೆಗೆ ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾದ ಕಾರು. 1798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಹಿಂದಿನ ಚಕ್ರಕ್ಕೆ ಎಳೆತ, ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್. ಮುಚ್ಚಿದ ಜಿಟಿ ಮಾದರಿಯನ್ನೂ ಸೇರಿಸಿದರೆ 5 ಲಕ್ಷಕ್ಕೂ ಜಾಸ್ತಿ ಬಂದಿವೆ. ಹಾಗಾಗಿ ಬಿಡಿಭಾಗಕ್ಕೆ ಬರ ಇಲ್ಲ, ಹೊಸ ಬಾಡಿಯನ್ನೇ ಇಡಿಯಾಗಿ ಕೊಳ್ಳಬಹುದು. 40 ವರ್ಷ ದಾಟಿದ ಕಾರಿಗೆ ಬ್ರಿಟನ್ನಿನಲ್ಲಿ ರಸ್ತೆ ತೆರಿಗೆಯೂ ಇಲ್ಲ, ಹೆಚ್ಚಾಗಿ ಮಾರ್ಪಡಿಸದಿದ್ದರೆ ವರ್ಷಕ್ಕೊಮ್ಮೆಯ ಎಂಒಟಿ ತಪಾಸಣೆಯ ಕಡ್ಡಾಯವೂ ಇಲ್ಲ. ಆದರೆ ತಪಾಸಣೆ ಮಾಡಿಸುವುದನ್ನು ಬಿಡಬೇಡಿ. ಮಳೆಯಲ್ಲಿ ಓಡುವ ಕಾರಿನ ಅಡಿಭಾಗವನ್ನು ವರ್ಷಕ್ಕೊಮ್ಮೆ ಇನ್ನೊಬ್ಬರು ಟಾರ್ಚ್ ಹಾಕಿ ನೋಡಲೇಬೇಕು. ಟ್ರಯಂಫ್ ಸ್ಪಿಟ್‌ಫೈರ್ ಇರಲಿ, ಮೊದಲ ತಲೆಮಾರಿನ ಮಾಜ್ಡಾ ಎಂಎಕ್ಸ್-5 ಇರಲಿ, ಇಲ್ಲಿ ಹೇಳಿದ್ದರಲ್ಲಿ ಬಹುಪಾಲು ಅವಕ್ಕೂ ಹೊಂದುತ್ತದೆ.

ಹಂತ 1: ಗಾಳಿಯ ದಾರಿ ಕಂಡುಕೊಳ್ಳಿ

ಓಪನ್ ಕಾರಿನಲ್ಲಿ ಗಾಳಿ ಮುಂದಿನಿಂದ ಬಂದು ಮುಖಕ್ಕೆ ಹೊಡೆಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮುಂದಿನ ಗಾಜು ಅದನ್ನು ಮೇಲಕ್ಕೆ ಎತ್ತಿ ಕಳಿಸಿಬಿಡುತ್ತದೆ. ತಲೆಯ ಮೇಲಿಂದ ಹಾದುಹೋದ ಆ ಗಾಳಿಯ ಒಂದು ಪಾಲು ಡಿಕ್ಕಿಯ ಹತ್ತಿರ ಸುರುಳಿ ಸುತ್ತಿ, ಸೀಟುಗಳ ನಡುವಿನಿಂದ ಮುಂದಕ್ಕೆ ನುಗ್ಗುತ್ತದೆ. ಅರ್ಧ ಗಂಟೆ ಓಡಿಸಿದ ಮೇಲೆ ಕತ್ತಿನ ಹಿಂಭಾಗ ಮರಗಟ್ಟುವುದು, ಸೊಂಟದ ಹತ್ತಿರ ಶರ್ಟು ಪಟಪಟ ಅನ್ನುವುದು ಇದರಿಂದಲೇ.

ಪರೀಕ್ಷೆ ಮಾಡಿ ನೋಡಿ. ಅಂಗೈ ಉದ್ದದ ಉಲ್ಲನ್ ದಾರದ ತುಂಡುಗಳನ್ನು ಟೇಪಿನಲ್ಲಿ ನಾಲ್ಕು ಕಡೆ ಅಂಟಿಸಿ: ಸೀಟಿನ ಬೆನ್ನಿಗೆ, ಎರಡು ಸೀಟಿನ ನಡುವೆ, ಬಾಗಿಲ ಮೇಲಂಚಿಗೆ, ಹಿಂದಿನ ಶೆಲ್ಫಿಗೆ. ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು ಖಾಲಿ ರಸ್ತೆಯಲ್ಲಿ ಗಂಟೆಗೆ 40 ಮೈಲಿಯಲ್ಲಿ ಹೋಗಿ. ದಾರ ಯಾವ ಕಡೆ ಹಾರುತ್ತದೆ ಅಂತ ನೋಡುವ ಕೆಲಸ ಅವರದು, ನಿಮ್ಮದಲ್ಲ. ನಡುವಿನ ದಾರ ಗೇರ್ ಲಿವರ್ ಕಡೆಗೆ ಮುಖ ಮಾಡಿ ಹಾರುವುದನ್ನು ಕಂಡಾಗ ನಂಬಿಕೆ ಬರುತ್ತದೆ.

ಇದಕ್ಕೆ ಮದ್ದು ಮೂರು. ಮೊದಲನೆಯದು, ಪಕ್ಕದ ಗಾಜುಗಳನ್ನು ಪೂರ್ತಿ ಏರಿಸಿ. ಎಂಜಿಬಿಗಿಂತ ಮೊದಲು ಬರುತ್ತಿದ್ದ ಎಂಜಿಎ ಓಪನ್ ಕಾರಿಗೆ ಕಳಚಿಡುವ ಪರದೆ ಮಾತ್ರ ಇತ್ತು. ಎಂಜಿಬಿಗೆ ತಿರುಗಿಸಿ ಏರಿಸುವ ಗಾಜು ಇದೆ, ಬಳಸಿ. "ಗಾಜು ಏರಿಸಿದರೆ ಓಪನ್ ಕಾರಿನ ಮಜಾ ಹೋಯಿತು" ಅನ್ನುವವರು ಜುಲೈ ಗಿರಾಕಿಗಳು. ಎರಡನೆಯದು, ಸೀಟಿನ ಹಿಂದೆ ಬಲೆ ಅಥವಾ ಪಾರದರ್ಶಕ ಹಲಗೆಯ ಗಾಳಿತಡೆ. ಮೂರನೆಯದು ಟಾನೋ ಕವರ್, ಅಂದರೆ ಕೂರುವ ಜಾಗವನ್ನು ಪೂರ್ತಿ ಮುಚ್ಚುವ ಕ್ಯಾನ್ವಾಸಿನದೋ ವಿನೈಲಿನದೋ ಹೊದಿಕೆ. ಅದರ ನಡುವೆ ಜಿಪ್ ಇರುತ್ತದೆ. ಒಬ್ಬರೇ ಹೋಗುವಾಗ ಡ್ರೈವರ್ ಕಡೆ ಮಾತ್ರ ತೆರೆದು, ಪಕ್ಕದ ಸೀಟನ್ನೂ ಹಿಂದಿನ ಶೆಲ್ಫನ್ನೂ ಮುಚ್ಚಿಬಿಡಿ. ಹೀಟರಿನ ಬಿಸಿ ಅದರ ಕೆಳಗೇ ನಿಂತು ನಿಮ್ಮ ಕಾಲಿಗೆ ಸಿಗುತ್ತದೆ. ಒಂದೇ ಒಂದು ವಸ್ತುವಿಗೆ ದುಡ್ಡು ಹಾಕುವುದಿದ್ದರೆ ನಾನು ಟಾನೋಗೇ ಹಾಕುತ್ತೇನೆ.

ಇಲ್ಲೇ ಒಂದು ಎಚ್ಚರಿಕೆ. ಹಿಂದಿನಿಂದ ಸುತ್ತಿ ಬರುವ ಗಾಳಿ ತನ್ನ ಜೊತೆ ಎಂಜಿನ್ ಹೊಗೆಯನ್ನೂ ತರಬಲ್ಲದು. ಎಕ್ಸಾಸ್ಟ್ ಪೈಪಿನ ಜೋಡಣೆಗಳು ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಓಪನ್ ಕಾರಲ್ವಾ, ಗಾಳಿ ಆಡುತ್ತದೆ ಅಂತ ಸುಮ್ಮನಿರಬೇಡಿ. ತಲೆನೋವು, ಮಂಪರು ಬಂದರೆ ನಿಲ್ಲಿಸಿ.

ಹಂತ 2: ಕಾರನ್ನು ಸಿದ್ಧ ಮಾಡಿ

ಹೀಟರಿನಿಂದ ಶುರು ಮಾಡಿ. "ಎಂಜಿಬಿ ಹೀಟರ್ ಕೆಲಸಕ್ಕೆ ಬರಲ್ಲ" ಅನ್ನುವ ಮಾತು ಕೇಳಿರುತ್ತೀರಿ. ಸರಿಯಿದ್ದರೆ ಅದು ಚೆನ್ನಾಗಿಯೇ ಕಾಯುತ್ತದೆ, ಸರಿ ಇರುವ ಹೀಟರ್ ಸಿಗುವುದು ಅಪರೂಪ ಅಷ್ಟೇ. ಎಂಜಿನ್ ಬಿಸಿಯಾದ ಮೇಲೆ ಬಾನೆಟ್ ಎತ್ತಿ, ಹೀಟರ್ ಡಬ್ಬಿಗೆ ಹೋಗುವ ಎರಡು ರಬ್ಬರ್ ಪೈಪುಗಳನ್ನು ಬೆರಳಿನಿಂದ ಮುಟ್ಟಿ ನೋಡಿ, ಫ್ಯಾನಿನ ಹತ್ತಿರ ಮಾತ್ರ ಕೈ ಹಾಕಬೇಡಿ. ಎರಡೂ ಬಿಸಿಯಿದ್ದರೆ ನೀರು ಹರಿಯುತ್ತಿದೆ. ಒಂದು ಸುಡುತ್ತಾ ಇನ್ನೊಂದು ತಣ್ಣಗಿದ್ದರೆ ಒಳಗಿನ ಕೊಳವೆಗಳು ಕೆಸರು ಕಟ್ಟಿವೆ. ಎರಡೂ ತಣ್ಣಗಿದ್ದರೆ ಸಿಲಿಂಡರ್ ಹೆಡ್ ಮೇಲಿರುವ ವಾಲ್ವನ್ನು ನೋಡಿ. ಒಳಗಿನ ಗುಬುಟು ತಿರುಗಿಸಿದಾಗ ಕೇಬಲ್ ಮಾತ್ರ ಬಾಗಿ, ವಾಲ್ವ್ ಅಲುಗಾಡದೇ ಇರುವುದು ತುಂಬಾ ಸಾಮಾನ್ಯ. ಕಟ್ಟಿಕೊಂಡಿದ್ದರೆ ಎಂಜಿನ್ ಪೂರ್ತಿ ಆರಿದ ಮೇಲೆ ಎರಡೂ ಪೈಪು ಬಿಚ್ಚಿ, ತೋಟದ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಿ. ಮೊದಲು ಒಂದು ಕಡೆಯಿಂದ, ಆಮೇಲೆ ಇನ್ನೊಂದು ಕಡೆಯಿಂದ. ಬರುವ ಕೆಂಪು ನೀರು ತಿಳಿಯಾಗುವವರೆಗೂ ನಿಲ್ಲಿಸಬೇಡಿ.

ಆಮೇಲೆ ಥರ್ಮೋಸ್ಟಾಟ್, ಅಂದರೆ ಎಂಜಿನ್ನಿನ ನೀರು ಬಿಸಿಯಾಗುವವರೆಗೆ ಅದನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್. ಈ ಕಾರಿಗೆ ಸಾಮಾನ್ಯವಾಗಿ 82 ಡಿಗ್ರಿಯದು ಇರುತ್ತದೆ. ಚಳಿಗಾಲಕ್ಕೆ 88 ಡಿಗ್ರಿಯದು ಹಾಕಿದರೆ ಹೀಟರಿಗೆ ಬರುವ ನೀರು ಇನ್ನಷ್ಟು ಬಿಸಿ. ಹಿಂದಿನ ಮಾಲೀಕರು ಬೇಸಿಗೆಯಲ್ಲಿ ಎಂಜಿನ್ ಕಾಯುತ್ತದೆ ಅಂತ 74ರದ್ದು ಹಾಕಿಟ್ಟಿದ್ದರೆ ಜನವರಿಯಲ್ಲಿ ಕಾಲು ಸೆಟೆದುಕೊಳ್ಳುವುದು ಗ್ಯಾರಂಟಿ. ಆಂಟಿಫ್ರೀಜ್ ಮತ್ತು ನೀರು ಸಮಪಾಲು ಇರಲಿ.

ಈಗ ನೀರಿನ ವಿಷಯ. ಗಾಜಿನ ಮುಂದೆ, ಬಾನೆಟ್‌ನ ಹಿಂದೆ ಒಂದು ಜಾಲರಿ ಇದೆ ನೋಡಿ. ಹೀಟರಿಗೆ ಗಾಳಿ ಹೋಗುವುದು ಅಲ್ಲಿಂದ, ಮಳೆ ನೀರು ಇಳಿಯುವುದೂ ಅಲ್ಲಿಂದಲೇ. ಒಳಗೆ ಬಿದ್ದ ನೀರು ಕೆಳಗೆ ಹೋಗಲು ಒಂದು ರಬ್ಬರ್ ಕೊಳವೆ ಇದೆ. ಅದರಲ್ಲಿ ಎಲೆ, ಮಣ್ಣು ಕಟ್ಟಿಕೊಂಡರೆ ನೀರು ತುಂಬಿ ನೇರ ನಿಮ್ಮ ಪಾದದ ಮೇಲೆ ಸುರಿಯುತ್ತದೆ. "ಟಾಪ್ ಸೋರುತ್ತಿದೆ" ಅಂತ ಬೈಯುತ್ತಾ ಹೊಸ ಟಾಪ್ ಹಾಕಿಸಿದವರೂ ಇದ್ದಾರೆ. ಒಂದು ಲೋಟ ನೀರನ್ನು ಜಾಲರಿಯೊಳಗೆ ಹೊಯ್ದು, ಕಾರಿನ ಅಡಿಯಲ್ಲಿ ಇಳಿಯುತ್ತದೋ ಇಲ್ಲವೋ ನೋಡಿ. ಎಲೆ ಉದುರುವ ಅಕ್ಟೋಬರ್, ನವೆಂಬರಿನಲ್ಲಿ ಮತ್ತೆ ನೋಡಿ.

ಬಾಗಿಲುಗಳ ಕೆಳ ಅಂಚಿನಲ್ಲಿ, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಸಿಲ್‌ನಲ್ಲಿ ನೀರು ಹೋಗಲು ತೂತುಗಳಿವೆ. ಪ್ಲಾಸ್ಟಿಕ್ ಕಡ್ಡಿಯಿಂದ ಅವನ್ನು ಬಿಡಿಸಿ. ಈ ಕಾರಿಗೆ ಬೇರೆ ಚಾಸಿ (ಅಡಿಯ ಉಕ್ಕಿನ ಚೌಕಟ್ಟು) ಇಲ್ಲ, ಸೂರೂ ಇಲ್ಲ. ಕಾರು ನಡುವೆ ಜೋಲದೇ ನಿಂತಿರುವುದಕ್ಕೆ ಮುಖ್ಯ ಕಾರಣ ಈ ಸಿಲ್‌ಗಳು. ಅದರೊಳಗೆ ನೀರು ನಿಂತು ತುಕ್ಕು ಹಿಡಿದರೆ ಮೊದಲು ಗೊತ್ತಾಗುವುದು ಬಾಗಿಲಿನಲ್ಲಿ. ಜಾಕ್ ಎತ್ತಿದಾಗ ಬಾಗಿಲು ಹಾಕಲು ಬರದಿದ್ದರೆ, ಬಾಗಿಲಿನ ಸಂದು ಮೇಲ್ಗಡೆ ಕಿರಿದಾಗಿದ್ದರೆ, ಮಳೆ ಚಳಿಯ ಮಾತು ಆಮೇಲೆ. ಮೊದಲು ವೆಲ್ಡಿಂಗ್ ಆಗಬೇಕು. ಗಟ್ಟಿಯಿದ್ದರೆ ಒಳಗೆ ತುಕ್ಕುತಡೆಯುವ ಮೇಣ ಹೊಡೆಸಿ, ಆದರೆ ತೂತುಗಳನ್ನು ಮೇಣದಿಂದಲೇ ಮುಚ್ಚಿಬಿಡಬೇಡಿ.

ಬ್ಯಾಟರಿ ಸೀಟಿನ ಹಿಂದೆ, ನೆಲದ ಕೆಳಗಿನ ಪೆಟ್ಟಿಗೆಯಲ್ಲಿ ಕೂತಿರುತ್ತದೆ. ಕ್ರೋಮ್ ಬಂಪರಿನ ಹಳೆ ಕಾರುಗಳಲ್ಲಿ 6 ವೋಲ್ಟಿನ ಎರಡು, 1974ರ ಕೊನೆಯಿಂದ ಬಂದ ರಬ್ಬರ್ ಬಂಪರಿನವುಗಳಲ್ಲಿ 12 ವೋಲ್ಟಿನ ಒಂದು. ಚಕ್ರ ಎರಚುವ ನೀರು ನೇರ ಅಲ್ಲಿಗೆ ಬಡಿಯುತ್ತದೆ. ಟರ್ಮಿನಲ್ ಉಜ್ಜಿ ವ್ಯಾಸಲೀನ್ ಹಚ್ಚಿ. ದೀಪಗಳ ಅರ್ತ್ ವೈರುಗಳನ್ನೂ ಹಾಗೇ ಉಜ್ಜಿ. ಹಳೇ ಕಾರಿನ ಕರೆಂಟಿನ ತೊಂದರೆ ಅರ್ಧಕ್ಕರ್ಧ ಇಲ್ಲೇ ಇರುತ್ತದೆ.

ಟೈರಿನ ದಪ್ಪ ನೋಡಿ ಸಮಾಧಾನಪಡಬೇಡಿ, ವಯಸ್ಸು ನೋಡಿ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಕಡಿಮೆ ಓಡುವ ಕಾರಿನ ಟೈರ್ ಸವೆಯುವ ಮೊದಲೇ ಗಟ್ಟಿಯಾಗುತ್ತದೆ, ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಹತ್ತು ವರ್ಷ ದಾಟಿದ್ದನ್ನು ಎಷ್ಟೇ ಹೊಸದಾಗಿ ಕಂಡರೂ ಬಿಸಾಕಿ.

ಪೆಟ್ರೋಲಿನ ಬಗ್ಗೆ ಒಂದೇ ಮಾತು: 2021ರ ಸೆಪ್ಟೆಂಬರಿನಿಂದ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲ್ ಇ10, ಅಂದರೆ ಎಥನಾಲ್ ಜಾಸ್ತಿ ಬೆರೆಸಿದ್ದು, ಆಗಿದೆ. ಹಳೇ ರಬ್ಬರ್ ಪೈಪುಗಳಿಗೆ ಅದು ಆಗಿಬರುವುದಿಲ್ಲ. ಸೂಪರ್ ಪೆಟ್ರೋಲಿನ ಪಂಪಿನಲ್ಲಿ ಸಿಗುವ, ಎಥನಾಲ್ ಕಡಿಮೆ ಇರುವ ಇ5 ಹಾಕಿಸಿ.

ಹಂತ 3: ನಿಮ್ಮನ್ನು ಸಿದ್ಧ ಮಾಡಿಕೊಳ್ಳಿ

ದಪ್ಪ ಜಾಕೆಟ್ ಒಂದು ಹಾಕಿಕೊಂಡರೆ ಮುಗಿಯಿತು ಅಂದುಕೊಳ್ಳಬೇಡಿ. ತೆಳ್ಳಗಿನ ಉಲ್ಲನ್ ಬನಿಯನ್, ಅದರ ಮೇಲೆ ಸ್ವೆಟರ್, ಹೊರಗೆ ಗಾಳಿ ನುಗ್ಗದ ಒಂದು ಪದರ. ಹತ್ತಿ ಬಟ್ಟೆ ಒದ್ದೆಯಾದರೆ ಮೈಗೆ ಅಂಟಿ ನಡುಗಿಸುತ್ತದೆ, ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ. ಜಾಕೆಟ್ ಸೊಂಟದವರೆಗಿನದೇ ಇರಲಿ. ಉದ್ದ ಕೋಟು ಈ ಚಿಕ್ಕ ಸೀಟಿನಲ್ಲಿ ಮುದ್ದೆಯಾಗಿ ಸೀಟ್ ಬೆಲ್ಟಿಗೆ ಅಡ್ಡ ಬರುತ್ತದೆ.

ಕತ್ತಿಗೆ ಬಟ್ಟೆಯ ಬಳೆಯಂಥ ಬಫ್ ಅತ್ಯುತ್ತಮ. ಮಫ್ಲರ್ ಹಾಕುವುದಾದರೆ ಎರಡೂ ತುದಿ ಜಾಕೆಟ್ಟಿನೊಳಗೆ ಸೇರಿರಲಿ. ನೃತ್ಯಗಾರ್ತಿ ಇಸಡೋರಾ ಡಂಕನ್ 1927ರಲ್ಲಿ ನೀಸ್ ನಗರದಲ್ಲಿ ತೀರಿಕೊಂಡದ್ದು ಓಪನ್ ಕಾರಿನ ಹಿಂಚಕ್ರಕ್ಕೆ ಅವರ ಉದ್ದನೆಯ ಸ್ಕಾರ್ಫ್ ಸುತ್ತಿಕೊಂಡು. ನಮ್ಮೂರಲ್ಲಿ ಬೈಕಿಗೆ ಸೀರೆ ಗಾರ್ಡ್ ಹಾಕುವುದೂ ಇದೇ ಭಯಕ್ಕೆ. ಯುಗಾದಿ ಕಾರ್ಯಕ್ರಮಕ್ಕೆ ಸೀರೆಯುಟ್ಟು ಹೊರಟರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಜಾಕೆಟ್ ಹಾಕಿ ಜಿಪ್ ಎಳೆಯಿರಿ. ಉದ್ದ ಕೂದಲಿದ್ದರೆ ಬಿಗಿಯಾಗಿ ಜಡೆ ಹೆಣೆದು ಜಾಕೆಟ್ಟಿನೊಳಗೆ ಬಿಡಿ. ಬಿಟ್ಟ ಕೂದಲಿನ ಸಿಕ್ಕು ಬಿಡಿಸುವುದರಲ್ಲಿ ಸಂಜೆಯೇ ಕಳೆದುಹೋಗುತ್ತದೆ.

ತಲೆಗೆ ಕಿವಿ ಮುಚ್ಚುವ ಕುಲಾವಿ. ಅಂಚಿರುವ ಹ್ಯಾಟು ಹಾರಿಹೋಗುತ್ತದೆ, ಅದನ್ನು ಹಿಡಿಯಲು ಸ್ಟೀರಿಂಗ್ ಬಿಡುವುದು ಸಹಜ, ಅದೇ ಅಪಾಯ. ಕಣ್ಣಿಗೆ ಬದಿ ಮುಚ್ಚಿದ ಕನ್ನಡಕ. ಕೈಗೆ ತೆಳ್ಳಗಿನ ಚರ್ಮದ ಗ್ಲೌಸ್. ಕಾಲಿಗೆ ದಪ್ಪ ಬೂಟು ಬೇಡವೇ ಬೇಡ. ಈ ಕಾರಿನ ಪೆಡಲುಗಳು ಒತ್ತೊತ್ತಾಗಿವೆ, ಅಗಲದ ಬೂಟಿನಲ್ಲಿ ಬ್ರೇಕ್ ಒತ್ತಿದರೆ ಆಕ್ಸಿಲರೇಟರ್ ಕೂಡ ಒತ್ತಿಹೋಗಬಹುದು. ತೆಳು ಅಡಿಯ ಶೂ, ಒಳಗೆ ಉಲ್ಲನ್ ಕಾಲುಚೀಲ. ಪಕ್ಕದವರಿಗೆ ತೊಡೆಯ ಮೇಲೆ ಕಂಬಳಿ, ಅದರೊಳಗೆ ಬಿಸಿನೀರಿನ ಚೀಲ ಕೊಡಿ. ಡ್ರೈವರಿಗೆ ಕಂಬಳಿ ಬೇಡ, ಪೆಡಲಿಗೆ ಜಾರುತ್ತದೆ.

ಕಿವಿಯ ವಿಷಯ ಯಾರೂ ಹೇಳುವುದಿಲ್ಲ. ಬ್ರಿಟನ್ನಿನ ಕಾರ್ಖಾನೆಗಳಲ್ಲಿ ದಿನದ ಸರಾಸರಿ ಸದ್ದು 85 ಡೆಸಿಬಲ್ ಮುಟ್ಟಿದರೆ ಕಿವಿಗೆ ರಕ್ಷಣೆ ಕಡ್ಡಾಯ. ಮೋಟಾರ್‌ವೇ ವೇಗದಲ್ಲಿ ಟಾಪ್ ಇಲ್ಲದ ಹಳೇ ಕಾರು ಆ ಮಟ್ಟವನ್ನು ದಾಟಬಲ್ಲದು. ಒಂದು ಗಂಟೆಗಿಂತ ಜಾಸ್ತಿ ಹೋಗುವುದಿದ್ದರೆ ಬೈಕಿನವರು ಹಾಕುವ, ಗಾಳಿಯ ಸದ್ದನ್ನು ತಗ್ಗಿಸಿ ಹಾರ್ನ್ ಕೇಳಿಸುವಂಥ ಇಯರ್‌ಪ್ಲಗ್ ಹಾಕಿ.

ಹಂತ 4: ಟಾಪ್ ಏರಿಸುವುದನ್ನು ಮನೆಯಲ್ಲೇ ಕಲಿಯಿರಿ

ಹೊಸ ಕಾರಿನಲ್ಲಿ ಒಂದು ಬಟನ್ ಒತ್ತಿದರೆ ಮುಗಿಯಿತು. ಎಂಜಿಬಿಯಲ್ಲಿ ಎರಡು ಬಗೆ. ಒಂದರಲ್ಲಿ ಕಂಬಿ, ಬಟ್ಟೆ ಎರಡನ್ನೂ ಪೂರ್ತಿ ಕಳಚಿ ಡಿಕ್ಕಿಯಲ್ಲಿಡಬೇಕು. ಇನ್ನೊಂದು ಸೀಟಿನ ಹಿಂದೆ ಮಡಚಿಕೊಳ್ಳುತ್ತದೆ. ನಿಮ್ಮದು ಮೊದಲ ಬಗೆಯಾದರೆ ಮಳೆಯಲ್ಲಿ ನಿಂತು ಕಲಿಯುವ ಹೊತ್ತಿಗೆ ಒಳಗೆ ಕೆರೆ ಆಗಿರುತ್ತದೆ. ಒಣ ದಿನ ಮನೆ ಮುಂದೆ ನಿಲ್ಲಿಸಿ, ಕಣ್ಣು ಮುಚ್ಚಿ ಹಾಕುವಷ್ಟು ರೂಢಿ ಮಾಡಿಕೊಳ್ಳಿ.

ಗುಂಡಿಗಳ ಗುಟ್ಟು ತಿಳಿದಿರಲಿ. ಟಾಪಿನಲ್ಲೂ ಟಾನೋದಲ್ಲೂ ಒಂದು ಬಗೆಯ ಲೋಹದ ಗುಂಡಿ ಇರುತ್ತದೆ, ಮೇಲೆ ಚಿಕ್ಕ ಚುಕ್ಕಿಯಂಥ ಉಬ್ಬು. ಆ ಚುಕ್ಕಿ ಇರುವ ಕಡೆಯಿಂದ ಎತ್ತಿದರೆ ಮಾತ್ರ ಅದು ಬಿಡುತ್ತದೆ. ಬೇರೆ ಕಡೆಯಿಂದ ಎಷ್ಟು ಎಳೆದರೂ ಬಿಡುವುದಿಲ್ಲ, ಬಟ್ಟೆಯೇ ಹರಿಯುತ್ತದೆ. ಸಂತೆಯಲ್ಲಿ ಕಾಣುವ ಹಳೇ ಟಾನೋಗಳ ಮೂಲೆಗಳೆಲ್ಲಾ ಹರಿದಿರುವುದು ಇದೇ ಕಾರಣಕ್ಕೆ.

ಚಳಿಯಲ್ಲಿ ವಿನೈಲ್ ಟಾಪನ್ನು ಮಡಚಬೇಡಿ. ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಪ್ಪಳದಂತೆ ಮುರಿಯುತ್ತದೆ. ಹೀಟರ್ ಹಾಕಿ ಕಾರಿನ ಒಳಗೆ ಬೆಚ್ಚಗಾದ ಮೇಲೆ ಮಡಚಿ, ಮಡಿಕೆಯ ನಡುವೆ ಮೆತ್ತನೆ ಟವೆಲ್ ಇಡಿ. ಒದ್ದೆ ಟಾಪನ್ನು ಮಡಚಿ ವಾರಗಟ್ಟಲೆ ಇಟ್ಟರೆ ಬೂಷ್ಟು ಬರುತ್ತದೆ, ಹೊಲಿಗೆ ಕೊಳೆಯುತ್ತದೆ. ಅಂದರೆ ಡಿಸೆಂಬರಿನಲ್ಲಿ ಟಾಪ್ ಬೇಕೋ ಬೇಡವೋ ಅನ್ನುವ ತೀರ್ಮಾನ ಮನೆಯಲ್ಲೇ ಆಗಬೇಕು, ದಾರಿಯಲ್ಲಿ ಅಲ್ಲ.

ಹಂತ 5: ಮಳೆಯಲ್ಲಿ ಓಡಿಸುವುದು

ಸೋನೆ ಮಳೆಯಲ್ಲಿ, ಗಂಟೆಗೆ 45ರಿಂದ 50 ಮೈಲಿ ವೇಗದಲ್ಲಿ ಸಾಗುತ್ತಿರುವವರೆಗೆ ನೀವು ಹೆಚ್ಚುಕಡಿಮೆ ಒಣಗಿಯೇ ಇರುತ್ತೀರಿ. ಮುಂದಿನ ಗಾಜು ಮೇಲಕ್ಕೆತ್ತಿದ ಗಾಳಿ ಹನಿಗಳನ್ನೂ ತಲೆಯ ಮೇಲಿಂದ ದಾಟಿಸಿಬಿಡುತ್ತದೆ. ಎತ್ತರದವರಿಗೆ ನೆತ್ತಿ ಒದ್ದೆಯಾಗಬಹುದು, ಸೀಟನ್ನು ಸ್ವಲ್ಪ ಹಿಂದಕ್ಕೆ ಒರಗಿಸಿ. ನೀವು ನೆನೆಯುವುದು ಸಿಗ್ನಲ್ಲಿನಲ್ಲಿ, ವೃತ್ತದ ಕ್ಯೂನಲ್ಲಿ. ಅದಕ್ಕೇ ಮಳೆ ದಿನ ಊರೊಳಗಿನ ದಾರಿ ಬಿಟ್ಟು, ಸ್ವಲ್ಪ ಸುತ್ತಾದರೂ ನಿಲ್ಲದೇ ಸಾಗುವ ದಾರಿ ಆರಿಸಿಕೊಳ್ಳಿ. ಮೋಟಾರ್‌ವೇ ಒಳ್ಳೆಯ ಆಯ್ಕೆ ಅನ್ನಿಸಬಹುದು, ಅಲ್ಲ. ಲಾರಿಗಳು ಎರಚುವ ನೀರು ಮೇಲಿಂದ ಬೀಳುವುದಿಲ್ಲ, ಪಕ್ಕದಿಂದ ನುಗ್ಗುತ್ತದೆ, ಜೊತೆಗೆ ಡೀಸೆಲ್ ಕಿಟ್ಟ ಬೇರೆ.

ಒಂದು ಗೆರೆ ಮಾತ್ರ ದಾಟಬೇಡಿ. ಒಣಗಿರಬೇಕು ಅಂತ ವೇಗ ಹೆಚ್ಚಿಸುವುದು ಮೂರ್ಖತನ. ಒದ್ದೆ ರಸ್ತೆಯಲ್ಲಿ ನಿಲ್ಲಲು ಕನಿಷ್ಠ ಎರಡು ಪಟ್ಟು ದೂರ ಬೇಕು ಅನ್ನುತ್ತದೆ ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕವಾದ ಹೈವೇ ಕೋಡ್. ಅದು ಹೊಸ ಕಾರುಗಳಿಗೂ ಸೇರಿಸಿ ಹೇಳಿದ ಮಾತು. ನಿಮ್ಮ ಕಾರಿಗೆ ಎಬಿಎಸ್ ಇಲ್ಲ. ಚಕ್ರ ಕಚ್ಚಿಕೊಂಡು ಜಾರತೊಡಗಿದರೆ ಪೆಡಲ್ ಬಿಟ್ಟು ಮತ್ತೆ ಒತ್ತುವ ಕೆಲಸ ನಿಮ್ಮದೇ. ತಿರುವಿನ ನಡುವೆ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಹಿಂಭಾಗ ಪಕ್ಕಕ್ಕೆ ಹೋಗುತ್ತದೆ, ಥಟ್ಟನೆ ಬಿಟ್ಟರೂ ಹೋಗಬಹುದು. ಮೆತ್ತಗಿರಿ. ಬಹಳ ದಿನ ಒಣಗಿದ್ದ ರಸ್ತೆಗೆ ಬಿದ್ದ ಮೊದಲ ಮಳೆ ಎಲ್ಲಕ್ಕಿಂತ ಕೆಟ್ಟದ್ದು, ಎಣ್ಣೆ ಮೇಲೆದ್ದು ನಿಂತಿರುತ್ತದೆ. ನೀರು ನಿಂತ ಜಾಗ ದಾಟಿದ ಮೇಲೆ ಬ್ರೇಕನ್ನು ಹಗುರವಾಗಿ ಒತ್ತಿ ಸ್ವಲ್ಪ ದೂರ ಹೋಗಿ, ಒಣಗುತ್ತದೆ.

ವೈಪರ್ ಹೊರಗಡೆ ಮಾತ್ರ ಒರೆಸುತ್ತದೆ. ಟಾಪ್ ಇಲ್ಲದಾಗ ಗಾಜಿನ ಒಳಮೈಯೂ ಒದ್ದೆಯಾಗುತ್ತದೆ, ಮೇಲಿನ ಚೌಕಟ್ಟಿನಿಂದ ಹನಿಗಳು ಕಣ್ಣೆದುರಿಗೇ ಇಳಿಯುತ್ತವೆ. ಎದುರಿನ ಕಾರಿನ ದೀಪ ಅವುಗಳ ಮೇಲೆ ಬಿದ್ದಾಗ ಗಾಜೆಲ್ಲಾ ಬೆಳ್ಳಗೆ ಚದುರಿದಂತೆ ಕಾಣುತ್ತದೆ, ರಸ್ತೆಯೇ ಮಾಯ. ಒಣ ಮೈಕ್ರೋಫೈಬರ್ ಬಟ್ಟೆ ಎರಡು ಇಟ್ಟುಕೊಳ್ಳಿ, ಒಂದು ಗಾಜಿಗೆ, ಒಂದು ಕನ್ನಡಕಕ್ಕೆ. ಪ್ಲಾಸ್ಟಿಕ್ ಚೀಲದೊಳಗೆ ಇಡಿ, ಇಲ್ಲದಿದ್ದರೆ ಬೇಕಾದ ಹೊತ್ತಿಗೆ ಅವೂ ತೊಯ್ದಿರುತ್ತವೆ. ನಿಂತಾಗ ಮಾತ್ರ ಒರೆಸಿ. 100 ಮೀಟರ್ ಆಚೆ ಕಾಣದಷ್ಟು ಮಳೆ ಮಬ್ಬಾದರೆ ಹೆಡ್‌ಲೈಟ್ ಹಾಕುವುದು ಕಾನೂನು. ಈ ಕಾರು ಅಷ್ಟು ಕುಳ್ಳಗಿರುವುದರಿಂದ ನಾನು ತುಂತುರು ಬಿದ್ದರೂ ಹಾಕುತ್ತೇನೆ. ಲಾರಿ ಡ್ರೈವರಿಗೆ ನಿಮ್ಮ ತಲೆ ಕಾಣುವುದಿಲ್ಲ.

ಜೋರು ಮಳೆಗೆ ಟಾಪ್ ಏರಿಸಲೇಬೇಕಾದರೆ ಪೆಟ್ರೋಲ್ ಬಂಕಿನ ಸೂರಿನ ಕೆಳಗೆ ಹೋಗಿ. ಮೋಟಾರ್‌ವೇ ಅಂಚಿನಲ್ಲಿ ಇದಕ್ಕಾಗಿ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿ ಚಹಾಕ್ಕೆ ಹೋಗುವಾಗ ಟಾನೋ ಪೂರ್ತಿ ಮುಚ್ಚಿ. ವಾಪಸ್ ಬಂದಾಗ ಅದರ ಮೇಲೆ ನೀರು ಮಡುಗಟ್ಟಿರುತ್ತದೆ. ಹಾಗೇ ಜಿಪ್ ಎಳೆದರೆ ಎಲ್ಲಾ ಸೀಟಿಗೆ! ಬಾಗಿಲು ಸ್ವಲ್ಪ ತೆರೆದು, ಅಡಿಯಿಂದ ಕೈ ಹಾಕಿ ಎತ್ತಿ ನೀರನ್ನು ಹೊರಕ್ಕೆ ಚೆಲ್ಲಿ, ಆಮೇಲೆ ಜಿಪ್.

ಇದನ್ನು ಓದಿ ಊರಲ್ಲಿರುವವರು ಜುಲೈನಲ್ಲಿ ಆಗುಂಬೆ ಘಾಟಿಗೆ ಓಪನ್ ಜೀಪ್ ಹತ್ತಿಸುವ ಯೋಚನೆ ಮಾಡಬೇಡಿ. ಇಲ್ಲಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಘಾಟಿಯ ಹೇರ್‌ಪಿನ್ ತಿರುವುಗಳಲ್ಲಿ ಕಾರು ಹೋಗುವುದೇ ಸೈಕಲ್ ವೇಗದಲ್ಲಿ, ಹನಿಯನ್ನು ಎತ್ತಿ ದಾಟಿಸುವ ಗಾಳಿ ಎಲ್ಲಿಂದ ಬರಬೇಕು? ಇಂಗ್ಲೆಂಡಿನ ಮಳೆ ದಿನವಿಡೀ ಜಿನುಗುತ್ತದೆ, ಮಲೆನಾಡಿನದು ಬಕೆಟ್ಟಿನಲ್ಲಿ ಸುರಿಯುತ್ತದೆ. ಕೊಡಗಿನ ತೋಟಗಳಲ್ಲಿ ಮಳೆಗಾಲ ಶುರುವಾಗುತ್ತಲೇ ಜೀಪಿಗೆ ಟಾರ್ಪಾಲು ಬಿಗಿಯುವುದು ಸುಮ್ನೆ ಅಲ್ಲ.

ಹಂತ 6: ಚಳಿ ಮತ್ತು ಉಪ್ಪು

ಟಾಪ್ ಬಿಚ್ಚಿ ಓಡಿಸಲು ನನಗೆ ಅತಿ ಇಷ್ಟದ ದಿನ ಜನವರಿಯ ಒಣ, ನೀಲಿ ಆಕಾಶದ ಬೆಳಿಗ್ಗೆ. ಗಾಳಿ ತಣ್ಣಗಿದ್ದಷ್ಟೂ ಎಂಜಿನ್ ಚೆನ್ನಾಗಿ ಉಸಿರಾಡುತ್ತದೆ, ರಸ್ತೆ ಖಾಲಿ. ಮೈಗೆ ತಾಗುವ ಗಾಳಿಯ ಲೆಕ್ಕ ಮಾತ್ರ ಇಟ್ಟುಕೊಳ್ಳಿ. 5 ಡಿಗ್ರಿಯ ಗಾಳಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಮುಖಕ್ಕೆ ಬೀಸಿದರೆ 0 ಡಿಗ್ರಿಯಂತೆ ಅನ್ನಿಸುತ್ತದೆ. ಬೆರಳು ಜಡವಾದರೆ ಗೇರ್ ತಪ್ಪುತ್ತದೆ. ಮುಕ್ಕಾಲು ಗಂಟೆಗೊಮ್ಮೆ ನಿಲ್ಲಿಸಿ, ಫ್ಲಾಸ್ಕಿನಿಂದ ಬಿಸಿ ಕಾಫಿ ಕುಡಿದು, ಕೈ ಉಜ್ಜಿಕೊಳ್ಳಿ. ನವೆಂಬರಿನ ಮೊದಲ ಭಾನುವಾರ ಲಂಡನ್ನಿನಿಂದ ಬ್ರೈಟನ್ನಿಗೆ 1905ಕ್ಕಿಂತ ಹಿಂದಿನ ಕಾರುಗಳು ಹೋಗುವುದನ್ನು ನೋಡಿ ಬನ್ನಿ. ಬಹಳಷ್ಟಕ್ಕೆ ಮುಂದಿನ ಗಾಜೂ ಇರುವುದಿಲ್ಲ. ಅವರ ಬಟ್ಟೆಯ ಪದರಗಳನ್ನು ನೋಡಿದರೆ ಅರ್ಧ ಪಾಠ ಆಗುತ್ತದೆ.

ಹಿಮಗಟ್ಟಿದ ರಸ್ತೆಗೆ ಇಳಿಯಬೇಡಿ. ಅಲ್ಲಿ ನಿಲ್ಲಲು ಹತ್ತು ಪಟ್ಟು ದೂರ ಬೇಕಾಗಬಹುದು ಅನ್ನುತ್ತದೆ ಅದೇ ಹೈವೇ ಕೋಡ್. ಬಿಸಿಲು ಬಿದ್ದ ಕಡೆ ಒಣಗಿದ್ದರೂ ಸೇತುವೆಯ ಮೇಲೆ, ಮರದ ನೆರಳಿನಲ್ಲಿ ಕಣ್ಣಿಗೆ ಕಾಣದ ಮಂಜುಗಡ್ಡೆ ಉಳಿದಿರುತ್ತದೆ.

ಆದರೆ ಈ ಕಾರುಗಳನ್ನು ಕೊಲ್ಲುವುದು ಮಂಜಲ್ಲ, ಉಪ್ಪು. ರಸ್ತೆ ಹೆಪ್ಪುಗಟ್ಟಬಾರದು ಅಂತ ಕೌನ್ಸಿಲಿನವರು ರಾತ್ರಿ ಉಪ್ಪು ಎರಚುತ್ತಾರೆ. ರಸ್ತೆ ಬೆಳ್ಳಗೆ ಪುಡಿಪುಡಿಯಾಗಿ ಕಂಡರೆ ಕಾರು ಒಳಗೇ ಇರಲಿ. ಒಂದೆರಡು ಜೋರು ಮಳೆ ಬಿದ್ದು ರಸ್ತೆ ತೊಳೆದ ಮೇಲೆ ತೆಗೆಯಿರಿ. ಉಪ್ಪಿನಲ್ಲಿ ಓಡಿಸಲೇಬೇಕಾಯಿತಾ? ಅವತ್ತೇ ತಣ್ಣೀರಿನ ಪೈಪಿನಲ್ಲಿ ಚಕ್ರದ ಮೇಲಿನ ಕಮಾನು, ಸಿಲ್ ಅಡಿ, ಸ್ಪ್ರಿಂಗ್ ಪಟ್ಟಿಗಳ ನಡುವೆ ನಿಧಾನವಾಗಿ ತೊಳೆಯಿರಿ. ಹೈ-ಪ್ರೆಷರ್ ಯಂತ್ರ ಹಿಡಿದರೆ ಕೊಳೆ ಸಂದಿಯೊಳಗೆ ಇನ್ನಷ್ಟು ಆಳಕ್ಕೆ ಹೋಗುತ್ತದೆ.

ಹಂತ 7: ಬಿಸಿಲು

ಇದು ಸುಲಭ ಅನ್ನಿಸುತ್ತದೆ, ಹಾಗಾಗಿ ಎಲ್ಲರೂ ಇಲ್ಲೇ ಕೆಡುವುದು. ಗಾಳಿ ಬೀಸುತ್ತಿರುವುದರಿಂದ ಬಿಸಿಲಿನ ಸುಡು ಗೊತ್ತಾಗುವುದಿಲ್ಲ. "ನಮ್ಮ ಚರ್ಮಕ್ಕೆ ಇಲ್ಲಿನ ಬಿಸಿಲು ಯಾವ ಲೆಕ್ಕ" ಅನ್ನಬೇಡಿ. ಮೂಗು, ಕಿವಿಯ ತುದಿ, ಬೈತಲೆ, ಬಲಗೈ ಮೇಲ್ಭಾಗಕ್ಕೆ ಸನ್‌ಸ್ಕ್ರೀನ್ ಹಚ್ಚಿ. ಕಪ್ಪು ವಿನೈಲ್ ಸೀಟಿನ ಮೇಲೆ, ಬೆಲ್ಟಿನ ಬಕಲ್ ಮೇಲೆ ಟವೆಲ್ ಹಾಸಿಟ್ಟು ಹೋಗಿ.

ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಟೆಂಪರೇಚರ್ ಮುಳ್ಳು ಏರತೊಡಗಿದರೆ ಹೀಟರನ್ನು ಪೂರ್ತಿ ತೆರೆದು ಫ್ಯಾನ್ ಹಾಕಿ. ಅದು ಎರಡನೇ ರೇಡಿಯೇಟರ್ ಇದ್ದ ಹಾಗೇ ಕೆಲಸ ಮಾಡುತ್ತದೆ. ಮುಚ್ಚಿದ ಕಾರಿನಲ್ಲಿ ಇದು ನರಕ, ಟಾಪ್ ಇಲ್ಲದಿದ್ದರೆ ತಡೆದುಕೊಳ್ಳಬಹುದು.

ಹಂತ 8: ಮನೆಗೆ ಬಂದ ಮೇಲೆ

ನಿಜವಾದ ಕೆಲಸ ಈಗ. ಓಡುವಾಗ ಬಿದ್ದ ಮಳೆ ಕಾರಿಗೆ ಏನೂ ಮಾಡುವುದಿಲ್ಲ. ಒಳಗೆ ಉಳಿದ ನೀರು ಮಾಡುತ್ತದೆ. ಸೀಟು ಒರೆಸಿ, ಚಾಪೆ ಹೊರಗೆ ತೆಗೆದು, ಕಾರ್ಪೆಟ್ಟಿನ ಮೂಲೆ ಎತ್ತಿ ಅಡಿಗೆ ಬೆರಳು ಹಾಕಿ. ಮೇಲೆ ಒಣಗಿದಂತಿದ್ದರೂ ಕೆಳಗಿನ ಫೆಲ್ಟು ನೀರು ಕುಡಿದು ಕೂತಿರುತ್ತದೆ. ಅದು ತಗಡಿಗೆ ಅಂಟಿಕೊಂಡು ವಾರಗಟ್ಟಲೆ ಇದ್ದರೆ ನೆಲ ತೂತಾಗುತ್ತದೆ. ವರ್ಷವಿಡೀ ಓಡಿಸುವವರು ಫೆಲ್ಟನ್ನು ತೆಗೆದೇ ಹಾಕಿ, ಬರಿ ರಬ್ಬರ್ ಚಾಪೆ ಇಡುವುದು ವಾಸಿ. ನೆಲದಲ್ಲಿ ರಬ್ಬರ್ ಬಿರಡೆಗಳಿದ್ದರೆ ತೆಗೆದು ನೀರು ಹೋಗಲು ಬಿಡಿ.

ಒದ್ದೆ ಕಾರಿಗೆ ಹೊದಿಕೆ ಹಾಕಬೇಡಿ. ಗ್ಯಾರೇಜಿನಲ್ಲಿ ಗಾಜು ಇಳಿಸಿ, ಡಿಕ್ಕಿ ತೆರೆದು, ಒಂದು ಟೇಬಲ್ ಫ್ಯಾನ್ ರಾತ್ರಿಯಿಡೀ ತಿರುಗಲು ಬಿಡಿ. ಗಾಳಿಯ ತೇವ ಹೀರುವ ಡೀಹ್ಯುಮಿಡಿಫೈಯರ್ ಇದ್ದರೆ ಇನ್ನೂ ಒಳ್ಳೆಯದು. ಟಾಪ್ ಒದ್ದೆಯಾಗಿದ್ದರೆ ಏರಿಸಿ, ಬಿಗಿದು ಒಣಗಲು ಬಿಡಿ.

ಹ್ಯಾಂಡ್‌ಬ್ರೇಕ್ ಹಾಕಿ ಬಿಡಬೇಡಿ. ಒದ್ದೆಯಾದ ಹಿಂದಿನ ಬ್ರೇಕ್ ಶೂಗಳು ರಾತ್ರಿ ಕಳೆಯುವುದರಲ್ಲಿ ಡ್ರಮ್ಮಿಗೆ ಅಂಟಿಕೊಳ್ಳುತ್ತವೆ. ಫಸ್ಟ್ ಗೇರಿಗೆ ಹಾಕಿ, ಚಕ್ರಕ್ಕೆ ಮರದ ತುಂಡು ಕೊಟ್ಟು ಹೋಗಿ. ಬೆಳಿಗ್ಗೆ ಹೊರಡುವಾಗ ಆ ತುಂಡು ತೆಗೆಯಲು ಮರೆಯದಂತೆ ಅದಕ್ಕೊಂದು ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಸ್ಟೀರಿಂಗಿಗೆ ಸಿಕ್ಕಿಸಿಡಿ.